ರಾಜೀನಾಮೆ ಕೊಡದ ಸೆಂಟರ್: ವಿಲಿಯಂ ಹೆನ್ರಿ ಲೂಯಿಸ್ ಪ್ರಕರಣ

1912ರ ಆರಂಭದಲ್ಲಿ ಅಮೆರಿಕದ ವಕೀಲರ ರಾಷ್ಟ್ರಮಟ್ಟದ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಕಾರ್ಯಕಾರಿ ಸಮಿತಿಗೆ ಒಂದು ತಲೆನೋವು ಶುರುವಾಗಿತ್ತು. ಹಿಂದಿನ ವರ್ಷ ಸದಸ್ಯತ್ವ ಕೊಟ್ಟವರ ಪಟ್ಟಿಯಲ್ಲಿ ಮೂವರು ಕಪ್ಪು ವರ್ಣೀಯ ವಕೀಲರಿದ್ದರು. ಕೊಡುವಾಗ ಸಮಿತಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ಕೊಟ್ಟಿದ್ದನ್ನು ವಾಪಸ್ ಪಡೆಯುವ ನಿರ್ಣಯ ಮಾಡಿತು. ಆದರೆ ಮೂವರಲ್ಲಿ ಒಬ್ಬರು ಸಾಮಾನ್ಯ ವಕೀಲರಲ್ಲ. ಅವರು ಆಗ ಅಮೆರಿಕ ಸರ್ಕಾರದ ಅಸಿಸ್ಟೆಂಟ್ ಅಟಾರ್ನಿ ಜನರಲ್. ಕೇಂದ್ರ ಸರ್ಕಾರದ ಆಡಳಿತದಲ್ಲಿ ಅಷ್ಟು ಎತ್ತರದ ಹುದ್ದೆಗೆ ಅಲ್ಲಿಯವರೆಗೆ ಯಾವ ಕಪ್ಪು ವರ್ಣೀಯರೂ ಏರಿರಲಿಲ್ಲ. ಹೆಸರು ವಿಲಿಯಂ ಹೆನ್ರಿ ಲೂಯಿಸ್. ಸುಮ್ನೆ ರಾಜೀನಾಮೆ ಕೊಟ್ಟುಬಿಟ್ಟರೆ ಎಲ್ಲರ ಮರ್ಯಾದೆಯೂ ಉಳಿಯುತ್ತೆ ಅನ್ನೋದು ಸಂಘದವರ ಲೆಕ್ಕಾಚಾರ. ಲೂಯಿಸ್ ಕೊಡಲಿಲ್ಲ.

ಇದನ್ನು ಒಂದು ಪ್ರಕರಣವಾಗಿ ನೋಡಬೇಕು ಅನ್ನಿಸೋಕೆ ಕಾರಣ ಇದೆ. ಲೂಯಿಸ್ ಅಮೆರಿಕದಲ್ಲಿ ಮೊದಲು ಹೆಸರು ಮಾಡಿದ್ದು ವಕೀಲರಾಗಿ ಅಲ್ಲ, ಕಾಲೇಜು ಫುಟ್‌ಬಾಲ್ ಆಟಗಾರರಾಗಿ. ಆಮೇಲೆ ಹಾರ್ವರ್ಡ್ ತಂಡದ ಕೋಚ್ ಆಗಿ. ದೊಡ್ಡ ದೊಡ್ಡವರ ಪರಿಚಯ ಆದದ್ದೂ ಬಹುಮಟ್ಟಿಗೆ ಆ ದಾರಿಯಿಂದಲೇ. ಗುಲಾಮರಾಗಿ ಹುಟ್ಟಿದವರ ಮಗನನ್ನು ಒಂದು ಆಟ ಎಲ್ಲಿಯವರೆಗೆ ಕರೆದುಕೊಂಡು ಹೋಗಬಹುದು? ಎಲ್ಲಿಂದ ಮುಂದೆ ಅದರ ಕೈ ಸಾಗೋದಿಲ್ಲ? 1912ರ ಜಗಳ ಅರ್ಥ ಆಗಬೇಕಾದರೆ ಅದಕ್ಕಿಂತ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಆ ಮೈದಾನ ನೋಡಬೇಕು.

ವರ್ಜೀನಿಯಾದಿಂದ ಆಮ್ಹರ್ಸ್ಟ್‌ಗೆ

ಲೂಯಿಸ್ ಹುಟ್ಟಿದ್ದು 1868ರ ನವೆಂಬರ್ 28ರಂದು, ವರ್ಜೀನಿಯಾದ ನಾರ್ಫೋಕ್ ಪಕ್ಕದ ಬರ್ಕ್ಲಿ ಎಂಬ ಊರಲ್ಲಿ. ಅಂತರ್ಯುದ್ಧ ಮುಗಿದು ಆಗಿನ್ನೂ ಮೂರೇ ವರ್ಷ ಕಳೆದಿತ್ತು. ಅಪ್ಪ ಅಮ್ಮ ಇಬ್ಬರೂ ಗುಲಾಮಗಿರಿಯಿಂದ ಬಿಡುಗಡೆಯಾದವರು. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ. ಹುಡುಗ ಓದಿದ್ದು ಪೀಟರ್ಸ್‌ಬರ್ಗ್‌ನಲ್ಲಿ, ಕಪ್ಪು ವರ್ಣೀಯರಿಗಾಗಿಯೇ ತೆರೆದಿದ್ದ ಸರ್ಕಾರಿ ಕಾಲೇಜಿನಲ್ಲಿ. ಅಲ್ಲಿನ ಮುಖ್ಯಸ್ಥ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್. ವರ್ಜೀನಿಯಾದಿಂದ ಅಮೆರಿಕದ ಸಂಸತ್ತಿಗೆ ಹೋದ ಮೊದಲ ಕಪ್ಪು ವರ್ಣೀಯ ಇವರೇ. ಈ ಹುಡುಗ ಉತ್ತರದ ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್ ಕಾಲೇಜು ಸೇರುವುದಕ್ಕೆ ನೆರವಾದವರೂ ಅವರೇ.

1888ರಲ್ಲಿ ಆಮ್ಹರ್ಸ್ಟ್ ಸೇರಿದಾಗ ಜೊತೆಗಿದ್ದ ಇನ್ನೊಬ್ಬ ಹುಡುಗ ವಿಲಿಯಂ ಟೆಕುಂಸೆ ಶೆರ್ಮನ್ ಜಾಕ್ಸನ್. ಗುಲಾಮಗಿರಿ ಪರವಾಗಿದ್ದ ದಕ್ಷಿಣವನ್ನು ಸೋಲಿಸಿದ ಸೇನಾಧಿಪತಿಯ ಹೆಸರನ್ನೇ ಅಪ್ಪ ಅಮ್ಮ ಮಗನಿಗೆ ಇಟ್ಟಿದ್ದರು. ಇಬ್ಬರೂ ಫುಟ್‌ಬಾಲ್ ತಂಡ ಸೇರಿದರು. ಬಿಳಿಯರೇ ತುಂಬಿದ್ದ ಕಾಲೇಜುಗಳ ತಂಡದಲ್ಲಿ ಆಡಿದ ಮೊದಮೊದಲ ಕಪ್ಪು ವರ್ಣೀಯರಲ್ಲಿ ಈ ಜೋಡಿಯ ಹೆಸರು ಬರುತ್ತದೆ. 1891ರಲ್ಲಿ ಲೂಯಿಸ್ ತಂಡದ ನಾಯಕರಾದರು. 1892ರಲ್ಲಿ ಪದವಿ ಪಡೆಯುವಾಗ ತರಗತಿಯ ಪರವಾಗಿ ಭಾಷಣ ಮಾಡಿದವರೂ ಅವರೇ. ಅದೇ ವರ್ಷ ಪದವಿ ಪಡೆದ ಮತ್ತೊಬ್ಬ ಕಪ್ಪು ವರ್ಣೀಯ ವಿದ್ಯಾರ್ಥಿ ಜಾರ್ಜ್ ಫೋರ್ಬ್ಸ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಾರ್ವರ್ಡ್‌ನಲ್ಲಿ ಓದುತ್ತಿದ್ದ, ಮುಂದೆ ಕಪ್ಪು ವರ್ಣೀಯರ ಹಕ್ಕುಗಳ ಹೋರಾಟದ ದೊಡ್ಡ ನಾಯಕರಾದ ಡಬ್ಲ್ಯು.ಇ.ಬಿ. ಡುಬಾಯ್ಸ್ ಕೂಡ ಆ ಸಮಾರಂಭ ನೋಡಲು ಬಂದಿದ್ದರು.

ಚೆಂಡಿನ ಮೇಲೆ ಕೈ ಇಟ್ಟವನ ಪಾಡು

ಇಲ್ಲಿ ಫುಟ್‌ಬಾಲ್ ಅಂದರೆ ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆ ಆಕಾರದ ಚೆಂಡನ್ನು ಎದೆಗೆ ಅವಚಿಕೊಂಡು ಎದುರಾಳಿಗಳನ್ನು ತಳ್ಳಿಕೊಂಡು ನುಗ್ಗುವ ಆಟ. ಈಗ ಟಿವಿಯಲ್ಲಿ ಕಾಣುವ ಅಮೆರಿಕನ್ ಫುಟ್‌ಬಾಲ್‌ಗೂ 1892ರ ಆಟಕ್ಕೂ ತುಂಬಾ ವ್ಯತ್ಯಾಸ ಇತ್ತು. ಚೆಂಡನ್ನು ಮುಂದಕ್ಕೆ ಎಸೆಯುವ ಹಾಗಿರಲಿಲ್ಲ. ಮೂರು ಪ್ರಯತ್ನದಲ್ಲಿ ಐದು ಗಜ ದಾಟಬೇಕು. ಆದ್ದರಿಂದ ಎಲ್ಲರೂ ಗುಂಪು ಕಟ್ಟಿಕೊಂಡು ಒಂದೇ ಜಾಗಕ್ಕೆ ನುಗ್ಗುವುದೇ ತಂತ್ರ. ಪಂದ್ಯದ ಒಂದೊಂದು ಅರ್ಧ 45 ನಿಮಿಷ. ಗಾಯ ಆಗಿ ಬಿದ್ದರೆ ಮಾತ್ರ ಬದಲಿ ಆಟಗಾರ. ತಲೆಗೆ ಹೆಲ್ಮೆಟ್ ಇಲ್ಲ, ಉದ್ದ ಕೂದಲೇ ಹೆಲ್ಮೆಟ್ಟು.

ಲೂಯಿಸ್ ಆಡುತ್ತಿದ್ದದ್ದು ಸೆಂಟರ್ ಜಾಗದಲ್ಲಿ. ಪ್ರತಿ ಸಲ ಆಟ ಶುರುವಾಗುವಾಗ ನೆಲದ ಮೇಲಿನ ಚೆಂಡಿನ ಮೇಲೆ ಬಗ್ಗಿ, ಅದನ್ನು ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್‌ಗೆ, ಅಂದರೆ ದಾಳಿ ಶುರು ಮಾಡುವ ಆಟಗಾರನಿಗೆ, ತಲುಪಿಸುವುದು ಸೆಂಟರ್ ಕೆಲಸ. ಬಗ್ಗಿದಾಗ ಎರಡು ಕೈಗೂ ಕೆಲಸ ಇರುತ್ತದೆ, ತನ್ನನ್ನು ಕಾಪಾಡಿಕೊಳ್ಳುವ ಹಾಗಿಲ್ಲ. ಎದುರು ತಂಡದವರ ಮೂಗು ಎಷ್ಟು ಹತ್ತಿರ ಅಂದರೆ ಅವರ ಉಸಿರು ಮುಖಕ್ಕೆ ತಾಗುತ್ತದೆ. ಎರಡು ತಂಡಗಳ ನಡುವೆ ಖಾಲಿ ಜಾಗ ಅನ್ನೋದೇ ಇರಲಿಲ್ಲ. ಚೆಂಡು ಕದಲುವ ಮೊದಲೇ ಗುದ್ದು, ತಳ್ಳಾಟ, ಬೆರಳು ತುಳಿಯುವುದು, ಬೈಗುಳ ಎಲ್ಲ ಶುರುವಾಗುತ್ತಿತ್ತು. ಅಂಪೈರ್‌ಗೆ ಆ ಗುಂಪಿನ ಒಳಗೆ ಏನು ನಡೆಯುತ್ತಿದೆ ಅಂತ ಕಾಣಿಸುತ್ತಲೂ ಇರಲಿಲ್ಲ.

ಲೂಯಿಸ್ ತೂಕ ಸುಮಾರು 175 ಪೌಂಡ್, ಅಂದರೆ 80 ಕೆ.ಜಿ.ಗೆ ಹತ್ತಿರ. ಆ ಜಾಗಕ್ಕೆ ಅದು ಕಮ್ಮಿಯೇ. ಹಾಗಾಗಿ ಅವರ ಆಟ ನಿಂತಿದ್ದು ಮೈತೂಕದ ಮೇಲಲ್ಲ. ವೇಗ ಮತ್ತು ತಲೆ ಎರಡನ್ನೂ ನಂಬಿಕೊಂಡು ಆಡಿದರು. 1892ರಲ್ಲಿ ಹಾರ್ವರ್ಡ್ ಕಾನೂನು ಕಾಲೇಜು ಸೇರಿದರು. ಆಮ್ಹರ್ಸ್ಟ್‌ನಲ್ಲಿ ಆಡಿ ಮುಗಿಸಿದವರು ಹಾರ್ವರ್ಡ್‌ಗೂ ಎರಡು ವರ್ಷ ಆಡಿದರು. ಯಾರು ಎಷ್ಟು ವರ್ಷ ಆಡಬಹುದು ಅನ್ನುವ ಬಿಗಿ ನಿಯಮ ಆಗಿನ್ನೂ ಬಂದಿರಲಿಲ್ಲ.

ಮೊದಲ ವರ್ಷವೇ ಅವರು ಒಂದು ಪ್ರಸಿದ್ಧ ಪಂದ್ಯದಲ್ಲಿದ್ದರು. 1892ರ ನವೆಂಬರ್ 19, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಯೇಲ್ ವಿರುದ್ಧ. ದ್ವಿತೀಯಾರ್ಧದ ಶುರುವಿಗೆ ಹಾರ್ವರ್ಡ್ ಆಟಗಾರರು ಎರಡು ಗುಂಪಾಗಿ ಹಿಂದೆ ನಿಂತರು. ಎರಡು ಕಡೆಯಿಂದ ಓರೆಯಾಗಿ ಓಡಿ ಬಂದು ನಡುವೆ ಸೇರಿ, V ಆಕಾರದಲ್ಲಿ ಯೇಲ್ ಸಾಲಿನ ಮೇಲೆ ಎರಗಿದರು. ಚೆಂಡು ಹಿಡಿದವನು ಆ ಗುಂಪಿನ ಮರೆಯಲ್ಲಿ. ಇದಕ್ಕೆ 'ಫ್ಲೈಯಿಂಗ್ ವೆಜ್' ಅಂತ ಹೆಸರಾಯಿತು. ಇದನ್ನು ಕಂಡುಹಿಡಿದ ಲೋರಿನ್ ಡೆಲ್ಯಾಂಡ್ ಅನ್ನುವವರು ಜೀವನದಲ್ಲಿ ಫುಟ್‌ಬಾಲ್ ಆಡಿದವರೇ ಅಲ್ಲ. ಚೆಸ್ ಮತ್ತು ಯುದ್ಧತಂತ್ರದ ಹುಚ್ಚು ಇದ್ದ ವ್ಯಾಪಾರಿ. ಇಷ್ಟೆಲ್ಲ ಮಾಡಿಯೂ ಯೇಲ್ 6-0ರಿಂದ ಗೆದ್ದಿತು. ಆದರೆ ಮುಂದಿನ ವರ್ಷ ಎಲ್ಲ ಕಾಲೇಜುಗಳೂ ಇದನ್ನೇ ನಕಲು ಮಾಡಿದವು. ಮೂಳೆಗಳು ಮುರಿದವು. 1894ರಲ್ಲಿ ಇದನ್ನು ನಿಯಮದಿಂದಲೇ ನಿಷೇಧ ಮಾಡಬೇಕಾಯಿತು.

1892 ಮತ್ತು 1893, ಎರಡೂ ವರ್ಷ ದೇಶದ ಅತ್ಯುತ್ತಮ ಹನ್ನೊಂದು ಆಟಗಾರರ 'ಆಲ್-ಅಮೆರಿಕ' ಪಟ್ಟಿಯಲ್ಲಿ ಸೆಂಟರ್ ಜಾಗಕ್ಕೆ ಲೂಯಿಸ್ ಹೆಸರಿತ್ತು. ಆ ಪಟ್ಟಿಗೆ ಬಂದ ಮೊದಲ ಕಪ್ಪು ವರ್ಣೀಯ ಅವರು. 1893ರ ಕೊನೆಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯಕ್ಕೆ ಹಾರ್ವರ್ಡ್ ನಾಯಕ ಗಾಯಗೊಂಡು ಹೊರಗುಳಿದರು. ಅಂದು ತಂಡವನ್ನು ಮುನ್ನಡೆಸಿದ್ದು ಲೂಯಿಸ್.

ಅದೇ ವರ್ಷ, ಒಂದು ಕಟಿಂಗ್ ಶಾಪ್

ಅದೇ 1893ರಲ್ಲಿ ಹಾರ್ವರ್ಡ್ ಇರುವ ಊರಾದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಒಂದು ಕಟಿಂಗ್ ಶಾಪಿಗೆ ಹೋದ ಲೂಯಿಸ್‌ಗೆ ಅಲ್ಲಿನವರು ಕ್ಷೌರ ಮಾಡಲು ಒಪ್ಪಲಿಲ್ಲ. ಚರ್ಮದ ಬಣ್ಣ ಕಾರಣ. ಶನಿವಾರ ಸಾವಿರಾರು ಜನ ಚಪ್ಪಾಳೆ ತಟ್ಟಿದ ಆಟಗಾರನಿಗೆ ಸೋಮವಾರ ಕುರ್ಚಿ ಇಲ್ಲ.

ಇದರ ಮುಂದಿನ ಭಾಗವೇ ಈ ಪ್ರಕರಣದ ಕೀಲಿ ಅಂತ ನನ್ನ ಅಭಿಪ್ರಾಯ. ಹಾರ್ವರ್ಡ್ ತಂಡದ ಗೆಳೆಯರನ್ನು ಕರೆದುಕೊಂಡು ಹೋಗಿ ಅಂಗಡಿಯವನನ್ನು ಹೆದರಿಸಬಹುದಿತ್ತು. ಯಾರಾದರೂ ದೊಡ್ಡವರಿಂದ ಒಂದು ಮಾತು ಹೇಳಿಸಿದ್ದರೆ ಅವರೊಬ್ಬರಿಗೆ ಮಾತ್ರ ಕ್ಷೌರ ಆಗುತ್ತಿತ್ತು. ಲೂಯಿಸ್ ಹಿಡಿದದ್ದು ಬೇರೆ ದಾರಿ. ಮ್ಯಾಸಚೂಸೆಟ್ಸ್‌ನಲ್ಲಿ 1865ರಿಂದಲೇ ಸಾರ್ವಜನಿಕ ಜಾಗಗಳಲ್ಲಿ ಭೇದ ಮಾಡಬಾರದು ಅನ್ನುವ ಕಾನೂನಿತ್ತು. ಅದರಲ್ಲಿ ಕಟಿಂಗ್ ಶಾಪಿನ ಹೆಸರಿರಲಿಲ್ಲ. ಬೋಸ್ಟನ್‌ನ ಕಪ್ಪು ವರ್ಣೀಯ ವಕೀಲ ಬಟ್ಲರ್ ವಿಲ್ಸನ್ ಜೊತೆ ಸೇರಿ ಶಾಸನಸಭೆಯ ಬೆನ್ನುಹತ್ತಿದರು. 1893ರಲ್ಲೇ ತಿದ್ದುಪಡಿ ಆಗಿ ಕಟಿಂಗ್ ಶಾಪುಗಳೂ ಕಾನೂನಿನ ಒಳಗೆ ಬಂದವು. ಆಗ ಲೂಯಿಸ್ ಇನ್ನೂ ವಿದ್ಯಾರ್ಥಿ. ಬಟ್ಲರ್ ವಿಲ್ಸನ್ ಹೆಸರೂ ನೆನಪಿರಲಿ. 1912ರಲ್ಲಿ ಬಾರ್ ಅಸೋಸಿಯೇಷನ್ ಹೊರಹಾಕಲು ಹೊರಟ ಮೂವರಲ್ಲಿ ಅವರೂ ಒಬ್ಬರು.

ಕೋಚ್, ಪುಸ್ತಕ, ಮತ್ತು ಒಂದು ಚೆಂಡಿನಷ್ಟು ಜಾಗ

1895ರಲ್ಲಿ ಕಾನೂನು ಪದವಿ ಸಿಕ್ಕಿತು. ವಕೀಲಿಕೆ ಶುರು ಮಾಡಿದರು. ಜೊತೆಗೆ ಹಾರ್ವರ್ಡ್ ತಂಡಕ್ಕೆ ಸಹಾಯಕ ಕೋಚ್ ಆದರು. ಹನ್ನೆರಡು ಸೀಸನ್, 1906ರವರೆಗೆ. ಈ ಅವಧಿಯಲ್ಲಿ ಹಾರ್ವರ್ಡ್ 114 ಪಂದ್ಯ ಗೆದ್ದಿತು, 15 ಸೋತಿತು, 5 ಸಮ ಆದವು. ಮುಖ್ಯ ಕೋಚ್‌ಗಳು ಬದಲಾಗುತ್ತಾ ಹೋದರು, ಲೂಯಿಸ್ ಉಳಿದರು. ಸಾಲಿನ ಆಟಗಾರರನ್ನು ತಯಾರು ಮಾಡುವುದು, ಎದುರಾಳಿಯ ದಾಳಿಯನ್ನು ತಡೆಯುವ ಯೋಜನೆ ಮಾಡುವುದು ಅವರ ಪರಿಣತಿ. 1898ರಲ್ಲಿ ಯೇಲ್ ಮೇಲೆ 17-0, 1901ರಲ್ಲಿ 22-0. ಆ ಎರಡೂ ವರ್ಷ ಹಾರ್ವರ್ಡ್ ಒಂದು ಪಂದ್ಯವನ್ನೂ ಸೋಲಲಿಲ್ಲ.

ಒಂದು ವಿಷಯ ಯೋಚನೆ ಮಾಡಿ. ಆಗಿನ ಅಮೆರಿಕದಲ್ಲಿ ಶ್ರೀಮಂತ ಬಿಳಿಯರ ಮಕ್ಕಳು ಓದುವ ಕಾಲೇಜು. ಮೈದಾನದಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ಬಗ್ಗು, ಏಳು, ಮತ್ತೆ ಮಾಡು ಅಂತ ಹೇಳುತ್ತಿದ್ದದ್ದು ಗುಲಾಮರ ಮಗ. ಇದೇ ಕಾಲದಲ್ಲಿ, 1896ರಲ್ಲಿ, 'ಪ್ರತ್ಯೇಕ ಆದರೆ ಸಮಾನ' ಅನ್ನುವ ನೆಪದಲ್ಲಿ ರೈಲು ಡಬ್ಬಿಗಳನ್ನು ಬಣ್ಣದ ಮೇಲೆ ವಿಂಗಡಿಸುವುದು ಸರಿ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು.

ಅದೇ 1896ರಲ್ಲಿ ಹಾರ್ಪರ್ ಪ್ರಕಾಶನದಿಂದ ಲೂಯಿಸ್ ಬರೆದ 'ಎ ಪ್ರೈಮರ್ ಆಫ್ ಕಾಲೇಜ್ ಫುಟ್‌ಬಾಲ್' ಹೊರಬಂತು. ಚೆಂಡು ಹಿಡಿಯುವುದು, ನೆಲಕ್ಕೆ ಬಿದ್ದ ಚೆಂಡಿನ ಮೇಲೆ ಸರಿಯಾಗಿ ಬೀಳುವುದು, ಎದುರಾಳಿಯನ್ನು ಅಡ್ಡಗಟ್ಟಿ ಕೆಡವುವುದು, ಹೀಗೆ ಬುಡದಿಂದ ಶುರುವಾಗಿ ತಂಡದ ಆಟದವರೆಗೆ ಹೋಗುವ ಪುಸ್ತಕ. ತಂತ್ರ ಮಂತ್ರ ಎಲ್ಲ ಆಮೇಲೆ, ಮೊದಲು ಕೆಲಸ ಕಲಿ ಅನ್ನುವ ಮೇಷ್ಟ್ರ ಮನಸ್ಸು ಆ ಜೋಡಣೆಯಲ್ಲೇ ಕಾಣುತ್ತದೆ.

1905ರ ಹೊತ್ತಿಗೆ ಆಟವೇ ಉಳಿಯುತ್ತೋ ಇಲ್ಲವೋ ಅನ್ನುವ ಸ್ಥಿತಿ ಬಂತು. ಆ ಒಂದು ವರ್ಷದಲ್ಲಿ ಮೈದಾನದಲ್ಲಿ ಪೆಟ್ಟಾಗಿ ಸತ್ತವರು ಸುಮಾರು 18 ಜನ. ಹೆಚ್ಚಿನವರು ಶಾಲಾ ಹುಡುಗರು. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಹಾರ್ವರ್ಡ್ ಅಧ್ಯಕ್ಷ ಚಾರ್ಲ್ಸ್ ಎಲಿಯಟ್‌ಗೆ ಮೊದಲಿಂದಲೂ ಈ ಆಟ ಕಂಡರೆ ಆಗುತ್ತಿರಲಿಲ್ಲ. ದೇಶದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಹಾರ್ವರ್ಡ್‌ನ ಹಳೆಯ ವಿದ್ಯಾರ್ಥಿ, ಫುಟ್‌ಬಾಲ್ ಪ್ರೇಮಿ. ಅವರ ಮಗ ಅದೇ ವರ್ಷ ಹಾರ್ವರ್ಡ್‌ನ ಮೊದಲ ವರ್ಷದವರ ತಂಡದಲ್ಲಿ ಆಡುತ್ತಿದ್ದ, ನವೆಂಬರ್‌ನಲ್ಲಿ ಮೂಗನ್ನೂ ಮುರಿಸಿಕೊಂಡ. ಅದಕ್ಕೂ ಮೊದಲೇ, ಅಕ್ಟೋಬರ್ 9ರಂದು, ರೂಸ್ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿ ಮಾಡಿ ಎಂದರು.

1906ರ ಹೊಸ ನಿಯಮಗಳಲ್ಲಿ ಎಲ್ಲರಿಗೂ ನೆನಪಿರುವುದು ಚೆಂಡನ್ನು ಮುಂದಕ್ಕೆ ಎಸೆಯಲು ಕೊಟ್ಟ ಅನುಮತಿ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ನಿಯಮ ಇತ್ತು. ಎರಡು ತಂಡಗಳ ನಡುವೆ ಚೆಂಡಿನ ಉದ್ದದಷ್ಟು, ಅಂದರೆ ಹನ್ನೊಂದು ಇಂಚಿನಷ್ಟು, ಜಾಗ ಖಾಲಿ ಇರಬೇಕು. ಚೆಂಡು ಕದಲುವವರೆಗೆ ಯಾರೂ ಅಲ್ಲಿಗೆ ಕಾಲಿಡುವಂತಿಲ್ಲ. ಇದಕ್ಕೆ 'ನ್ಯೂಟ್ರಲ್ ಝೋನ್' ಎಂದು ಹೆಸರು. ಈ ಸಲಹೆ ಕೊಟ್ಟವರು ಲೂಯಿಸ್ ಎಂದು ಆಟದ ಇತಿಹಾಸ ಬರೆದವರು ಹೇಳುತ್ತಾರೆ. ಅದಕ್ಕೆ ಮೊದಲಿನ ಆಟ ಅಂದರೆ ನಡುಗೆರೆಯೇ ಇಲ್ಲದೆ ಕಬಡ್ಡಿ ಆಡಿಸಿದ ಹಾಗಿತ್ತು. ಈಗ ಅಂಪೈರ್‌ಗೆ ನೋಡುವುದಕ್ಕೆ ಒಂದು ಕಿಂಡಿ ಸಿಕ್ಕಿತು. ಯಾರು ಮೊದಲು ಕೈ ಮಾಡಿದರು ಅಂತ ಗೊತ್ತಾಗತೊಡಗಿತು. ಇವತ್ತಿಗೂ ಆ ನಿಯಮ ಇದೆ. ಆ ಜಾಗದಲ್ಲಿ ವರ್ಷಗಟ್ಟಲೆ ಏಟು ತಿಂದ ಒಬ್ಬ ಸೆಂಟರ್‌ಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ, ಅಲ್ವಾ?

ಕಟಿಂಗ್ ಶಾಪ್ ಪ್ರಸಂಗದಲ್ಲೂ ಇಲ್ಲೂ ಅವರ ಬುದ್ಧಿ ಓಡಿದ್ದು ಒಂದೇ ಕಡೆ. ಎದುರಿಗಿರುವವನ ಒಳ್ಳೆತನ ನಂಬಿಕೊಂಡು ಕೂರಬೇಡ, ನಿಯಮ ಬರೆಸು.

ಪರಿಚಯದ ದಾರಿ

ಆದರೆ ರಾಜಕೀಯದಲ್ಲಿ ಲೂಯಿಸ್ ನಡೆದದ್ದು ಇನ್ನೊಂದು ದಾರಿಯಲ್ಲಿ. ಅದನ್ನು ಮುಚ್ಚಿಟ್ಟರೆ ಈ ಪ್ರಕರಣ ಬರೀ ಗುಣಗಾನ ಆಗಿಬಿಡುತ್ತದೆ.

1899ರಲ್ಲಿ ಕೇಂಬ್ರಿಡ್ಜ್ ನಗರಸಭೆಗೆ ಗೆದ್ದರು. 1902ರಲ್ಲಿ ಒಂದು ವರ್ಷ ರಾಜ್ಯದ ಕೆಳಮನೆಯಲ್ಲಿ ಕೂತರು. ಮತ್ತೆ ನಿಂತಾಗ ಸೋತರು. ಅಲ್ಲಿಗೆ ಮತದಾರರ ದಾರಿ ಮುಚ್ಚಿತು. 1903ರಲ್ಲಿ ರೂಸ್ವೆಲ್ಟ್ ಅವರನ್ನು ಬೋಸ್ಟನ್‌ನಲ್ಲಿ ಕೇಂದ್ರ ಸರ್ಕಾರದ ಸಹಾಯಕ ಪ್ರಾಸಿಕ್ಯೂಟರ್ ಆಗಿ ನೇಮಿಸಿದರು. ಹಗಲು ಕೋರ್ಟಿನ ಕೆಲಸ, ಸೀಸನ್ ಬಂದಾಗ ಸಂಜೆ ಮೈದಾನ.

ಈ ನೇಮಕದ ಹಿಂದೆ ಹಾರ್ವರ್ಡ್ ನಂಟು ಒಂದೇ ಇರಲಿಲ್ಲ. ಕಪ್ಪು ವರ್ಣೀಯರಿಗೆ ಸರ್ಕಾರಿ ಹುದ್ದೆ ಕೊಡುವಾಗ ರೂಸ್ವೆಲ್ಟ್ ಕೇಳುತ್ತಿದ್ದದ್ದು ಅಲಬಾಮಾದಲ್ಲಿ ಕಪ್ಪು ವರ್ಣೀಯರಿಗಾಗಿ ಇದ್ದ ಟಸ್ಕೆಗಿ ಶಿಕ್ಷಣ ಸಂಸ್ಥೆಯ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ ಅವರನ್ನು. ಸದ್ಯಕ್ಕೆ ಕೈಕೆಲಸ ಕಲಿಯೋಣ, ಓಟು ಹಕ್ಕು ಅಂತ ಜಗಳ ಬೇಡ ಅನ್ನುವುದು ವಾಷಿಂಗ್ಟನ್ ನಿಲುವು. ಲೂಯಿಸ್ ಮೊದಲು ಇದರ ಕಟ್ಟಾ ವಿರೋಧಿ. ಆಮೇಲೆ ನಿಧಾನವಾಗಿ ವಾಷಿಂಗ್ಟನ್ ಕಡೆಗೆ ವಾಲಿದರು. ಹುದ್ದೆಯೂ ಬಂತು. ವಶೀಲಿ ಇಲ್ಲದೆ ಸರ್ಕಾರಿ ಕುರ್ಚಿ ಸಿಗದ ಕಾಲ ಅದು ಎನ್ನಬಹುದು. ಆದರೂ ಹಳೆಯ ಗೆಳೆಯರಿಗೆ ಇದು ನುಂಗಲಾರದ ತುತ್ತಾಯಿತು.

ಆ ಗೆಳೆಯರಲ್ಲಿ ಆಮ್ಹರ್ಸ್ಟ್ ಸಹಪಾಠಿ ಜಾರ್ಜ್ ಫೋರ್ಬ್ಸ್ ಇದ್ದರು. ಫೋರ್ಬ್ಸ್ ಮತ್ತು ಹಾರ್ವರ್ಡ್ ಪದವೀಧರ ವಿಲಿಯಂ ಮನ್ರೋ ಟ್ರಾಟರ್ ಸೇರಿ 1901ರಲ್ಲಿ ಬೋಸ್ಟನ್‌ನಲ್ಲಿ 'ಗಾರ್ಡಿಯನ್' ಎಂಬ ಪತ್ರಿಕೆ ಶುರು ಮಾಡಿದ್ದರು. ಬುಕರ್ ಟಿ. ವಾಷಿಂಗ್ಟನ್‌ರನ್ನು ಟೀಕಿಸುವುದೇ ಅದರ ಮುಖ್ಯ ಕೆಲಸ. 1903ರ ಜುಲೈ 30ರ ರಾತ್ರಿ ಬೋಸ್ಟನ್‌ನ ಒಂದು ಚರ್ಚಿನಲ್ಲಿ ವಾಷಿಂಗ್ಟನ್ ಭಾಷಣ. ಸಭೆಯ ಅಧ್ಯಕ್ಷತೆ ಲೂಯಿಸ್‌ರದ್ದು. ಬಾಗಿಲ ತನಕ ಜನ. ಟ್ರಾಟರ್ ಕಡೆಯವರು ಕೂಗಾಡಿದರು. ವೇದಿಕೆ ಹತ್ತಿರ ಯಾರೋ ಮೆಣಸಿನ ಪುಡಿ ಎರಚಿದರು. ಭಾಷಣಕಾರರಿಗೆಲ್ಲ ಸೀನು, ಕೆಮ್ಮು. ಪೊಲೀಸರು ಬಂದು ಟ್ರಾಟರ್‌ರನ್ನು ಹಿಡಿದುಕೊಂಡು ಹೋದರು. ಕೊನೆಗೆ ಅವರಿಗೆ 30 ದಿನ ಜೈಲಾಯಿತು. ಪತ್ರಿಕೆಗಳು ಇದನ್ನು 'ಬೋಸ್ಟನ್ ಗಲಭೆ' ಎಂದು ಕರೆದವು.

ಲೂಯಿಸ್ ಇಲ್ಲಿ ತಪ್ಪು ಕಡೆ ನಿಂತಿದ್ದರು ಅಂತ ನನಗನ್ನಿಸುತ್ತದೆ. ಬದುಕಿನುದ್ದಕ್ಕೂ ತಾನು ಬಗ್ಗದೆ ಪಡೆದ ಹಕ್ಕುಗಳನ್ನು ಬೇರೆಯವರು ಕಾದು ಪಡೆಯಲಿ ಎನ್ನುವವರ ಪಕ್ಕದಲ್ಲಿ ಕೂತಿದ್ದರು. ಹುದ್ದೆ ಬಾಯಿ ಕಟ್ಟುತ್ತದೆ. ಅದನ್ನೂ ಹೇಳಬೇಕು, ಆ ಹುದ್ದೆಯಲ್ಲಿ ಕೆಲಸ ಚೆನ್ನಾಗಿ ಮಾಡಿದರು ಎನ್ನುವುದನ್ನೂ ಹೇಳಬೇಕು. ಮುಂದೆ ಅಮೆರಿಕದ ಈಶಾನ್ಯದ ನ್ಯೂ ಇಂಗ್ಲೆಂಡ್ ಭಾಗಕ್ಕೆ ಪೌರತ್ವ ವಿಭಾಗದ ಮುಖ್ಯಸ್ಥರೂ ಆದರು. ಯುರೋಪಿನಿಂದ ಹಡಗು ಹತ್ತಿ ಬಂದವರಿಗೆ ಅಮೆರಿಕದ ಪೌರತ್ವ ಕೊಡುವ ವಿಚಾರವನ್ನು ನೋಡಿಕೊಳ್ಳುತ್ತಿದ್ದದ್ದು, ವರ್ಜೀನಿಯಾದಲ್ಲೇ ಹುಟ್ಟಿಯೂ ಅಲ್ಲಿ ಓಟು ಹಾಕಲು ಪರದಾಡಬೇಕಿದ್ದ ಜನಾಂಗದ ಒಬ್ಬ ಅಧಿಕಾರಿ.

1911: ಮೇಲಿನ ಕುರ್ಚಿ

ರೂಸ್ವೆಲ್ಟ್ ನಂತರ ಬಂದ ವಿಲಿಯಂ ಹೋವರ್ಡ್ ಟಾಫ್ಟ್ ಲೂಯಿಸ್‌ರನ್ನು ಅಸಿಸ್ಟೆಂಟ್ ಅಟಾರ್ನಿ ಜನರಲ್ ಹುದ್ದೆಗೆ ಆರಿಸಿದರು. ಸೆನೆಟ್‌ನಲ್ಲಿ ದಕ್ಷಿಣದವರು ಎಳೆದಾಡಿದರು. 1911ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಮೂಲನಿವಾಸಿ ಬುಡಕಟ್ಟುಗಳಿಗೆ ಸಂಬಂಧಿಸಿದ ಪರಿಹಾರದ ದಾವೆಗಳಲ್ಲಿ ಸರ್ಕಾರದ ಪರ ವಾದಿಸುವುದು ಅವರ ಪಾಲಿಗೆ ಬಂದ ಕೆಲಸ. ಇದರೊಳಗಿನ ವಿಪರ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಅಮೆರಿಕನ್ ಬಾರ್ ಅಸೋಸಿಯೇಷನ್‌ನ ವಾರ್ಷಿಕ ಸಭೆ ಬೋಸ್ಟನ್‌ನಲ್ಲಿ ನಡೆಯಿತು. ಲೂಯಿಸ್, ಬಟ್ಲರ್ ವಿಲ್ಸನ್, ಮಿನಿಯಾಪೊಲಿಸ್‌ನ ವಿಲಿಯಂ ಮೋರಿಸ್ ಮೂವರೂ ಆ ವರ್ಷ ಸದಸ್ಯರಾದರು. ಅರ್ಜಿಯಲ್ಲಿ ಬಣ್ಣ ಬರೆಯುವ ಕಾಲಂ ಇರಲಿಲ್ಲ. ಯಾಕೆಂದರೆ ಆ ಪ್ರಶ್ನೆ ಏಳಬಹುದು ಅಂತ ಯಾರಿಗೂ ಹೊಳೆದೇ ಇರಲಿಲ್ಲ. ಗಲಾಟೆ ಎದ್ದ ಮೇಲೆ ಸಮಿತಿಯ ವಾದ ಇಷ್ಟು: ಇದು ಬಿಳಿಯರ ಸಂಘ ಅನ್ನೋದು ರೂಢಿ, ಗೊತ್ತಿಲ್ಲದೆ ಕೊಟ್ಟ ಸದಸ್ಯತ್ವ ಸಿಂಧು ಅಲ್ಲ.

ಈಗ ಆಟದ ಮೈದಾನ ಕೋರ್ಟಿನವರದ್ದು. ಲೂಯಿಸ್‌ಗೆ ಎರಡು ಬಲ ಇದ್ದವು. ಒಂದು, ಪುಸ್ತಕದಲ್ಲಿರುವ ನಿಯಮ. ಸಂಘದ ಲಿಖಿತ ನಿಯಮದಲ್ಲಿ ಬಣ್ಣದ ಮಾತೇ ಇಲ್ಲ. ಒಮ್ಮೆ ಆಯ್ಕೆಯಾದ ಸದಸ್ಯನನ್ನು ತೆಗೆಯುವ ಅಧಿಕಾರ ಸಮಿತಿಗೆ ಎಲ್ಲಿಂದ ಬಂತು? ಎರಡನೆಯದು, ಮೇಲಧಿಕಾರಿ. ಅಟಾರ್ನಿ ಜನರಲ್ ಜಾರ್ಜ್ ವಿಕರ್‌ಶಾಮ್ ತಮ್ಮ ಕೈಕೆಳಗಿನವರ ಪರ ಬೀದಿಗಿಳಿದರು ಎಂದೇ ಹೇಳಬೇಕು. ಸಂಘದ ಸುಮಾರು 4,700 ಸದಸ್ಯರಿಗೂ ಪತ್ರ ಕಳಿಸಿ ಸಮಿತಿ ಮಾಡಿದ್ದು ತಪ್ಪು ಎಂದರು. ಒಂದು ದೇಶದ ಅಟಾರ್ನಿ ಜನರಲ್ ತಮ್ಮ ಸಹಾಯಕನ ಸಂಘದ ಸದಸ್ಯತ್ವಕ್ಕಾಗಿ ಇಷ್ಟು ಮಾಡಿದ್ದು ಸಣ್ಣ ಮಾತಲ್ಲ.

1912ರ ಆಗಸ್ಟ್‌ನಲ್ಲಿ ಮಿಲ್ವಾಕಿಯಲ್ಲಿ ಸಭೆ ಸೇರಿತು. ಅಲ್ಲಿ ಆದ ರಾಜಿ ನೋಡಿ. ಈಗಾಗಲೇ ಒಳಗೆ ಬಂದವರು ಇರಲಿ. ಇನ್ನು ಮುಂದೆ ಯಾರ ಹೆಸರು ಸೂಚಿಸಿದರೂ ಅವರ ಜನಾಂಗ ಯಾವುದು ಎಂದು ಬರೆಯಲೇಬೇಕು. ಮೋರಿಸ್ ರಾಜೀನಾಮೆ ಕೊಟ್ಟರು. ಲೂಯಿಸ್ ಮತ್ತು ವಿಲ್ಸನ್ ಕೊಡಲಿಲ್ಲ.

ಯಾರು ಗೆದ್ದರು? ಲೂಯಿಸ್ ಸದಸ್ಯತ್ವ ಉಳಿಯಿತು, ಆ ಲೆಕ್ಕದಲ್ಲಿ ಅವರದೇ ಗೆಲುವು. ಆದರೆ ಅರ್ಜಿಯಲ್ಲಿ ಇಲ್ಲದಿದ್ದ ಕಾಲಂ ಈಗ ಬಂತು. ರೂಢಿಯಲ್ಲಿದ್ದ ಬೇಲಿ ಕಾಗದಕ್ಕೆ ಇಳಿಯಿತು. ಕಟಿಂಗ್ ಶಾಪ್ ವಿಷಯದಲ್ಲಿ ಒಬ್ಬರಿಗೆ ಆದ ಅವಮಾನ ಎಲ್ಲರಿಗೂ ಅನುಕೂಲದ ನಿಯಮವಾಗಿತ್ತು. ಇಲ್ಲಿ ಒಬ್ಬರು ಉಳಿದ ಬೆಲೆಗೆ ಹಿಂದೆ ಬರುವವರ ಬಾಗಿಲು ಹಾಕಲಾಯಿತು. ಇದಕ್ಕೆ ಲೂಯಿಸ್‌ರನ್ನು ದೂರುವುದು ನ್ಯಾಯ ಅಲ್ಲ. ಅವರು ರಾಜೀನಾಮೆ ಕೊಟ್ಟಿದ್ದರೂ ಬಾಗಿಲು ಹಾಕಿಯೇ ಇರುತ್ತಿತ್ತು, ಸದ್ದಿಲ್ಲದೆ. ಕೊಡದೆ ಇದ್ದದ್ದರಿಂದ ಸಂಘ ತನ್ನ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಬೇಕಾಯಿತು. ಕಪ್ಪು ವರ್ಣೀಯ ವಕೀಲರು 1925ರಲ್ಲಿ ಡೆ ಮೊಯ್ನ್‌ನಲ್ಲಿ ಸೇರಿ ತಮ್ಮದೇ ನ್ಯಾಷನಲ್ ಬಾರ್ ಅಸೋಸಿಯೇಷನ್ ಕಟ್ಟಿಕೊಂಡರು. ಸದಸ್ಯತ್ವಕ್ಕೆ ಜನಾಂಗ ಅಡ್ಡಿಯಲ್ಲ ಎಂದು ಹಳೆಯ ಸಂಘ ಒಪ್ಪಿದ್ದು 1943ರಲ್ಲಿ.

ಇನ್ನೊಬ್ಬ ಫುಟ್‌ಬಾಲ್ ಪ್ರೇಮಿ

1913ರಲ್ಲಿ ವುಡ್ರೋ ವಿಲ್ಸನ್ ಅಧ್ಯಕ್ಷರಾದರು. ತಮಾಷೆ ಏನೆಂದರೆ ಇವರೂ ಫುಟ್‌ಬಾಲ್ ಹುಚ್ಚಿನವರೇ. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಲೂಯಿಸ್ ಆಮ್ಹರ್ಸ್ಟ್‌ನಲ್ಲಿ ಆಡುತ್ತಿದ್ದ ಹೊತ್ತಿಗೆ, ಅಲ್ಲಿನ ತಂಡದ ಕೋಚಿಂಗ್‌ಗೆ ಕೈಜೋಡಿಸಿದ್ದರು. ಒಂದೇ ಆಟ ಪ್ರೀತಿಸಿದ ಮಾತ್ರಕ್ಕೆ ಮನುಷ್ಯರು ಹತ್ತಿರ ಆಗುತ್ತಾರೆ ಅನ್ನುವವರಿಗೆ ಇಲ್ಲೊಂದು ಉತ್ತರ ಇದೆ. ವಿಲ್ಸನ್ ಸರ್ಕಾರದಲ್ಲಿ ಕೇಂದ್ರ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರೆ ಕೂರಿಸುವ ಕೆಲಸ ಶುರುವಾಯಿತು. ಸರ್ಕಾರ ಬದಲಾದಾಗ ಮೇಲಿನ ಹುದ್ದೆಗಳು ಬದಲಾಗುವುದು ಮಾಮೂಲು, ಲೂಯಿಸ್ ಹುದ್ದೆಯೂ ಹೋಯಿತು. ಆದರೆ ಅವರಂಥ ಇನ್ನೊಬ್ಬರನ್ನು ಆ ಜಾಗಕ್ಕೆ ತರುವ ಯೋಚನೆ ಆ ಸರ್ಕಾರಕ್ಕೆ ಇರಲಿಲ್ಲ. ಪರಿಚಯದಿಂದ ಬಂದದ್ದು ಪರಿಚಯಸ್ಥರ ಜೊತೆಗೇ ಹೋಯಿತು.

44ನೇ ವಯಸ್ಸಿಗೆ ಬೋಸ್ಟನ್‌ಗೆ ಹಿಂತಿರುಗಿ ಖಾಸಗಿ ವಕೀಲಿಕೆ ಹಿಡಿದರು. ಕ್ರಿಮಿನಲ್ ಕೇಸುಗಳಲ್ಲಿ ಹೆಸರು ಮಾಡಿದರು. ಹುದ್ದೆ ಹೋದ ಮೇಲೆ ಬಾಯಿಯೂ ಬಿಚ್ಚಿತು ಅನ್ನಬಹುದು. 1915ರಲ್ಲಿ ಕಪ್ಪು ಜನರನ್ನು ಹೀನಾಯವಾಗಿ ತೋರಿಸಿದ ಒಂದು ಸಿನಿಮಾ ಬೋಸ್ಟನ್‌ಗೆ ಬಂದಾಗ ಅದರ ವಿರುದ್ಧದ ಹೋರಾಟದಲ್ಲಿ ಹಳೆಯ ವೈರಿ ಟ್ರಾಟರ್ ಜೊತೆಗೇ ನಿಂತರು. ವಾಷಿಂಗ್ಟನ್ ನಗರದಲ್ಲಿ ಕಪ್ಪು ವರ್ಣೀಯರಿಗೆ ಮನೆ ಮಾರಬಾರದು ಎಂದು ಬಿಳಿಯ ಮಾಲೀಕರು ತಮ್ಮತಮ್ಮಲ್ಲೇ ಬರೆದುಕೊಂಡ ಕರಾರಿನ ಕೇಸು, ಕೊರಿಗನ್ ವಿರುದ್ಧ ಬಕ್ಲಿ, ಸುಪ್ರೀಂ ಕೋರ್ಟಿಗೆ ಹೋದಾಗ ಆ ಕರಾರನ್ನು ಪ್ರಶ್ನಿಸಿದ ವಕೀಲರ ತಂಡದಲ್ಲಿ ಅವರ ಹೆಸರಿತ್ತು. 1926ರಲ್ಲಿ ಅವರ ಕಡೆಯವರು ಸೋತರು. ಅಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಅದೇ ಸುಪ್ರೀಂ ಕೋರ್ಟ್ 1948ರ ಮೇ ತಿಂಗಳಲ್ಲಿ ಹೇಳಿತು. ಆಗ ಲೂಯಿಸ್‌ಗೆ 79 ವರ್ಷ. 1949ರ ಜನವರಿ 1ರಂದು ಬೋಸ್ಟನ್‌ನಲ್ಲಿ ತೀರಿಕೊಂಡರು.

ಶ್ರೇಷ್ಠ ಆಟಗಾರರನ್ನು ಆರಿಸಿ ಗೌರವಿಸುವ ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ತನ್ನ ಮೊದಲ ಪಟ್ಟಿ ಪ್ರಕಟಿಸಿದ್ದು 1951ರಲ್ಲಿ. 1892ರಲ್ಲಿ ಲೂಯಿಸ್ ಎದುರು ಯೇಲ್‌ಗೆ ಆಡಿದ ಫ್ರಾಂಕ್ ಹಿಂಕಿ ಹೆಸರು ಅದರಲ್ಲೇ ಬಂತು. ಲೂಯಿಸ್ ಹೆಸರು ಸೇರಿದ್ದು 2009ರಲ್ಲಿ.